ದೂರ ಜಿಗೀಬ್ಯಾಡ

ನೀರು ಕಂಡರೆ ನನಗೆ ಈಗಲೂ ಭಯ. ಇಂಥವನು ಸ್ಟೀಪಲ್‌ಚೇಸ್ ಓಡುತ್ತಿದ್ದ ಎಂದರೆ ಜನ ನಗುತ್ತಾರೆ, ನಗಲಿ. ಟ್ರ್ಯಾಕಿನ ಮೇಲೆ ನಿಲ್ಲಿಸಿದ ದಪ್ಪ ಅಡ್ಡಪಟ್ಟಿಗಳನ್ನು ದಾಟುತ್ತ ಓಡುವ ಓಟ ಅದು. ಸುತ್ತಿಗೊಮ್ಮೆ ಒಂದು ಪಟ್ಟಿಯ ಆಚೆ ನೀರಿನ ಹೊಂಡ ಬರುತ್ತದೆ. ಪಟ್ಟಿಯ ಬುಡದಲ್ಲಿ ಹೊಂಡ ಆಳ. ಮುಂದಕ್ಕೆ ಏರುತ್ತ ಹೋಗಿ ಟ್ರ್ಯಾಕಿಗೆ ಸೇರುತ್ತದೆ. ದೂರ ಜಿಗಿದವನ ಬೂಟು ಒದ್ದೆಯಾದರೆ ಹೆಚ್ಚು. ಹತ್ತಿರ ಬಿದ್ದವನು ಮಂಡಿ ಮುಳುಗಿ ಒದ್ದಾಡುತ್ತಾನೆ.

ನಮ್ಮ ತಾಲೀಮಿನ ಮೈದಾನದಲ್ಲಿ ಹೊಂಡವಿತ್ತು, ನೀರಿರಲಿಲ್ಲ. ನಳದ ನೀರಿಗೆ ವಾರಗಟ್ಟಲೆ ದಾರಿ ಕಾಯುವ ಊರಲ್ಲಿ, ಹುಡುಗರು ಜಿಗಿಯಲಿಕ್ಕೆ ನೀರು ತುಂಬಿಸಿ ಎಂದು ಕೇಳಲು ಯಾರಿಗೆ ಬಾಯಿ ಬಂದೀತು? ನನಗೆ ಓಟ ಕಲಿಸುತ್ತಿದ್ದವರು ನನ್ನ ಕಾಕಾ. ಅಪ್ಪನ ತಮ್ಮ, ಶಾಲೆಯಲ್ಲಿ ಪಿ.ಟಿ. ಮಾಸ್ತರರು. ಅವರೇ ಒಂದು ಉಪಾಯ ಹುಡುಕಿದರು. ಬೆಳಿಗ್ಗೆ ನವನಗರದ ಮನೆಯಿಂದ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆಲಗೇರಿಗೆ ಹೋಗುವುದು, ಕೆರೆಯ ದಂಡೆಯಲ್ಲಿ ಕಾಲು ಹೂತು ನಿಲ್ಲಿಸಿದ ಹಳೆಯ ಬೆಂಚಿನ ಮೇಲಿಂದ ನೀರಿಗೆ ಜಿಗಿಸುವುದು.

ನನಗೆ ಈಜು ಬಾರದು. ಕಾಕಾರಿಗೂ ಬಾರದು. ನಾನು ಬೆಂಚಿನ ಮೇಲೆ ಕಾಲಿಟ್ಟೊಡನೆ ಅವರ ಬಾಯಲ್ಲಿದ್ದ ಸೀಟಿ ಜಾರಿ ಬೀಳುತ್ತಿತ್ತು.

“ದೂರ ಜಿಗೀಬ್ಯಾಡೋ, ಮುಂದ ಆಳ ಐತಿ. ಅಲ್ಲೇ ದಂಡ್ಯಾಗ ಬೀಳು.”

“ಓಟದಾಗೂ ಹಂಗ ಬೀಳ್ಲೇನ್ರಿ?”

“ಅಲ್ಲಿ ದೂರ ಜಿಗಿ. ಇಲ್ಲಿ ನೀ ಮುಳಗಿದ್ರ ನಿಮ್ಮವ್ವಗ ನಾ ಏನ್ ಹೇಳ್ಲಿ?”

ಕೆರೆಯಲ್ಲಿ ಹತ್ತಿರ ಬಿದ್ದವನು ಬಚಾವು. ತಿಂಗಳುಗಟ್ಟಲೆ ನನ್ನ ಕಾಲು ಕಲಿತದ್ದು ಅದನ್ನೇ. ಓಟದ ಹೊಂಡದಲ್ಲಿ ಎಲ್ಲ ಉಲ್ಟಾ ಎಂಬುದು ಇಬ್ಬರಿಗೂ ಗೊತ್ತಿತ್ತು, ಆದರೆ ಕಾಲಿಗೆ ಹೇಳುವವರು ಯಾರು? ದೇಶದೊಳಗಿನ ಓಟಗಳಲ್ಲೂ ಆಳಕ್ಕೇ ಬೀಳುತ್ತಿದ್ದೆ, ಎದ್ದು ಓಡಿ ಸರಿದೂಗಿಸುತ್ತಿದ್ದೆ. ಹಾಗೂ ಹೀಗೂ ಕಿರಿಯರ ಅಂತರರಾಷ್ಟ್ರೀಯ ಕೂಟಕ್ಕೆ ಆಯ್ಕೆಯಾದೆ. ಕಾಕಾ ಓಣಿಗೆಲ್ಲ ಪೇಢೆ ಹಂಚಿದರು. ನನಗೆ ಅಂದಿನಿಂದ ಊಟ ಸೇರಲಿಲ್ಲ.

ಪರದೇಶದ ಆ ಮೈದಾನದಲ್ಲಿ ಓಟಕ್ಕೆ ಮೊದಲು ಹೊಂಡದ ಪಕ್ಕ ಹೋಗಿ ನಿಂತೆ. ತಿಳಿನೀರು, ತಳ ಕಾಣುತ್ತಿತ್ತು. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ. ಮಂಡಿಯುದ್ದ ನೀರಿಗೆ ಹೆದರುತ್ತೇನೆ ಎಂದು ಯಾರ ಮುಂದೆ ಹೇಳಿಕೊಳ್ಳಲಿ? ಒಂದು ಸಲವಾದರೂ ಸರಿಯಾಗಿ ದಾಟಿಸಪ್ಪಾ ದೇವರೇ ಎಂದುಕೊಂಡೆ.

ಮೊದಲ ಸುತ್ತಿನಲ್ಲಿ ಎಲ್ಲರೂ ಗುಂಪಾಗಿ ಹೊಂಡಕ್ಕೆ ಬಂದೆವು. ಪಟ್ಟಿಯ ಮೇಲೆ ಕಾಲಿಟ್ಟೆ. “ದೂರ ಜಿಗೀಬ್ಯಾಡೋ” ಎಂದು ಕಿವಿಯಲ್ಲೇ ಕೇಳಿತು. ಕಾಲು ಆ ಮಾತು ಕೇಳಿ ಬುಡಕ್ಕೇ ಇಳಿಯಿತು. ಹಿಂದಿನಿಂದ ಬಂದವನ ಬೂಟಿನ ಮೊಳೆ ಹಿಮ್ಮಡಿಯನ್ನು ಕೆರೆದುಕೊಂಡು ಹೋಯಿತು. ಮುಂದಿನ ಸುತ್ತಿನಲ್ಲೂ ಅದೇ ಕಥೆ. ಅದರಾಚೆಯ ಸುತ್ತಿನಲ್ಲಿ ಮುಗ್ಗರಿಸಿ ಬಿದ್ದೆ, ಮೂಗಿನೊಳಗೆ ನೀರು ಹೋಗಿ ಸತ್ತೇ ಹೋದೆ ಅನ್ನಿಸಿತು. ಎದ್ದು ನೋಡಿದರೆ ಗುಂಪು ಬಹಳ ಮುಂದೆ ಹೋಗಿತ್ತು. ಅಲ್ಲಿಂದ ಒಂದು ಹೊಂಡ ದಾಟಿದ ಕೂಡಲೇ ಮುಂದಿನದರ ಭಯ ಶುರುವಾಗುತ್ತಿತ್ತು. ಪಕ್ಕಕ್ಕೆ ಸರಿದು ನಿಂತುಬಿಡೋಣ ಎಂದು ಪ್ರತಿ ತಿರುವಿನಲ್ಲೂ ಮನಸ್ಸಾಗುತ್ತಿತ್ತು. ಮನೆಯಲ್ಲಿ ಕಾಕಾ ಮೊಬೈಲಿನಲ್ಲಿ ನೋಡುತ್ತಿದ್ದಾರೆಂಬ ನೆನಪಿಗೆ ಓಡಿದೆ.

ಕೊನೆಯ ಸುತ್ತಿನ ಗಂಟೆ ಹೊಡೆದಾಗ ನನ್ನ ಹಿಂದೆ ಯಾರೂ ಇರಲಿಲ್ಲ. ಭಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಪಟ್ಟಿ ಬಂತು, ಕಾಕಾರ ದನಿಯೂ ಬಂತು.

“ಸುಮ್ಕಿರ್ರಿ ಕಾಕಾ” ಎಂದು ಬಾಯಿಬಿಟ್ಟೇ ಅಂದೆ. ಬಾವುಟ ಹಿಡಿದು ನಿಂತಿದ್ದ ಅಧಿಕಾರಿ ಗಾಬರಿಯಾಗಿ ನೋಡಿದ. ಪಟ್ಟಿಯನ್ನು ಒದ್ದು ಜಿಗಿದೆ. ಕೆರೆಯ ನಡುವಿಗೇ ಬಿದ್ದೆ ಅಂದುಕೊಂಡೆ. ಒಂದು ಬೂಟು ನೀರಿನ ಅಂಚನ್ನು ಮುಟ್ಟಿತು, ಇನ್ನೊಂದು ಟ್ರ್ಯಾಕಿನ ಮೇಲಿತ್ತು. ಎಲ್ಲರಿಗಿಂತ ಕೊನೆಗೆ ಓಟ ಮುಗಿಸಿದೆ.

ಆಮೇಲೆ ಮನೆಗೆ ಫೋನ್ ಮಾಡಿದೆ. ಬೈಗುಳ ಕಾದಿದೆ ಎಂದುಕೊಂಡಿದ್ದೆ.

“ಎಲ್ಲಾರ ಹಿಂದ ಬಂದ್ನಿ ಕಾಕಾ.”

“ಅದು ಇರ್ಲಿ ಬಿಡಪಾ. ಹೊಂಡ ಹೆಂಗ ದಾಟಿದಿ, ಅದನ್ನ ಹೇಳು.”

“ನೀವು ನೋಡಾಕತ್ತಿದ್ರಲ್ರಿ?”

ಫೋನಿನಲ್ಲಿ ಕಾಕಾರ ಹಿಂದಿನಿಂದ ಅವರ ಹೆಂಡತಿ, ನನ್ನ ಕಾಕು, ಹೇಳಿದರು. “ಎಲ್ಲೀದು ನೋಡೂದು? ನೀರು ಬಂದಾಗೊಮ್ಮೆ ಕಣ್ಣು ಮುಚ್ಚಿ ನನ್ನ ಕೈ ಹಿಡಕೊಳ್ಳಾಕತ್ತಿದ್ರು. ಎದ್ನೇನು, ಎದ್ನೇನು ಅಂತ ನನ್ನ ಕೇಳೂದು.”

“ಕೆಲಗೇರ್ಯಾಗೂ ಹಂಗ ಮಾಡ್ತಿದ್ನಿ” ಎಂದರು ಕಾಕಾ ಮೆಲ್ಲಗೆ. “ನೀ ಜಿಗಿದದ್ದು ನಾ ಒಂದೂ ನೋಡಿಲ್ಲ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೊನೆಯ ಸುತ್ತನ್ನು ಅವರಿಗೆ ಮೊದಲಿನಿಂದ ಹೇಳತೊಡಗಿದೆ. ಪಟ್ಟಿಯ ಮೇಲೆ ಕಾಲಿಟ್ಟಲ್ಲಿಗೆ ಬಂದಾಗ ಅವರ ಉಸಿರು ನಿಂತದ್ದು ನನಗೆ ಗೊತ್ತಾಯಿತು.

“ದೂರ ಜಿಗಿದ್ನಿ ಕಾಕಾ.”

“ಆಮ್ಯಾಲ?”

“ಮುಂದ ಆಳ ಇರ್ಲಿಲ್ರಿ.”