ಮರುಮದುವೆ ಆಗಿಲ್ಲ ತಾನೆ?

ಗಂಡ ಗಡಿಯಲ್ಲಿ ತೀರಿಕೊಂಡಾಗ ಅವಳಿಗಿನ್ನೂ ಇಪ್ಪತ್ತಮೂರು. ಅವನೊಡನೆ ಸಂಸಾರ ಅಂತ ಮಾಡಿದ್ದು ಎರಡು ರಜೆಯಷ್ಟು ಕಾಲ. ಅವನು ಬಿಟ್ಟುಹೋದದ್ದು ಒಂದು ಪಿಂಚಣಿ, ಒಬ್ಬ ಅತ್ತೆ. ಪಿಂಚಣಿ ಬಾಡಿಗೆಗೂ ಅತ್ತೆಯ ಔಷಧಿಗೂ ಸರಿಹೋಗುತ್ತಿತ್ತು. ಉಳಿದದ್ದಕ್ಕೆ ಅವಳು ಆಸ್ಪತ್ರೆಯ ಬಟ್ಟೆ ಕೋಣೆ ಸೇರಿ, ಹರಿದ ಹಾಸಿಗೆ ಹೊದಿಕೆಗಳಿಗೆ ತೇಪೆ ಹಾಕುತ್ತ ಕೂತಳು.

ವರ್ಷಕ್ಕೊಮ್ಮೆ ಪಿಂಚಣಿ ಕಚೇರಿಗೆ ಹೋಗಿ ಬದುಕಿದ್ದೇನೆ ಎಂದು ಮುಖ ತೋರಿಸಬೇಕು. ಗುಮಾಸ್ತ ತಲೆಯೆತ್ತದೆ ಕೇಳುತ್ತಿದ್ದ: "ಮರುಮದುವೆ ಆಗಿಲ್ಲ ತಾನೆ?"

"ಇಲ್ಲ ಸಾರ್."

ಮರುಮದುವೆಯಾದರೆ ಪಿಂಚಣಿ ನಿಂತಂತೆಯೇ. ಮೊದಮೊದಲು ಆ ಪ್ರಶ್ನೆ ಅವಳನ್ನು ತಾಕುತ್ತಲೇ ಇರಲಿಲ್ಲ.

ಬಟ್ಟೆ ಕೋಣೆಯ ಹೊಲಿಗೆ ಯಂತ್ರಗಳು ಕೆಟ್ಟಾಗ ರಿಪೇರಿಗೆ ಒಬ್ಬ ಬರುತ್ತಿದ್ದ. ಸದಾ ಎಣ್ಣೆ ಡಬ್ಬಿ ಹಿಡಿದೇ ಇರುತ್ತಿದ್ದನೆಂದು ನರ್ಸುಗಳು ಅವನಿಗೆ 'ಎಣ್ಣೆಡಬ್ಬಿ' ಎಂದೇ ಹೆಸರಿಟ್ಟಿದ್ದರು. ಹೆಂಡತಿ ಸತ್ತವನು, ಮಾತು ಕಡಿಮೆ. ಅವಳ ಯಂತ್ರ ಮಾತ್ರ ಮಿಕ್ಕವುಗಳಿಗಿಂತ ಹೆಚ್ಚು ಸಲ ಕೆಡತೊಡಗಿದಾಗ ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಯಿತು.

ಅವನು ಮನೆಗೇ ಬಂದು, ಮದುವೆಯಾಗ್ತೀರಾ ಎಂದು ಅತ್ತೆಯೆದುರೇ ಅವಳನ್ನು ಕೇಳಿದ. ಅವನು ಹೋದ ಮೇಲೆ ಅತ್ತೆ, "ಮಾಡ್ಕೋ," ಎಂದಳು.

"ಪಿಂಚಣಿ ನಿಂತ್ರೆ ನಿಮ್ಮ ಔಷಧಿ?"

"ನನ್ನ ಮಗ ಸತ್ತ, ಸರಿ. ಅವನ ಜೊತೆ ನೀನೂ ಯಾಕೆ ಕಂತು ಕಂತಲ್ಲಿ ಸಾಯ್ತೀಯ?" ಆಮೇಲೆ ದನಿ ತಗ್ಗಿಸಿದಳು. "ಹೋಗ್ಲಿ, ಗುಟ್ಟಾಗಿ ಮದುವೆ ಮಾಡ್ಕೊಳ್ಳಿ. ಯಾರು ಬಂದು ನೋಡ್ತಾರೆ?"

ಇದನ್ನು ಅವನಿಗೆ ಹೇಳಿದಾಗ ಅವನು ಬೇಡವೆಂದು ತಲೆಯಾಡಿಸಿದ. "ಬಾಗಿಲು ಹಾಕ್ಕೊಂಡು ಸಂಸಾರ ಮಾಡೋಕೆ ನಾನೇನು ಕಳ್ಳನಾ? ನಿಮ್ಮಿಬ್ಬರಿಗೂ ನಾನೇ ದುಡಿದು ಹಾಕ್ತೀನಿ, ಬನ್ನಿ." ಅವನ ದುಡಿಮೆ ಅವಳಿಗೆ ಗೊತ್ತಿತ್ತು. ಅತ್ತೆಯ ಔಷಧಿಗೇ ಅದು ಸಾಲದು. ಹಾಸಿದರೆ ಹೊದೆಯಲಿಲ್ಲ, ಹೊದ್ದರೆ ಹಾಸಲಿಲ್ಲ.

"ಸ್ವಲ್ಪ ಕಾಯ್ತೀರಾ?" ಎಂದಳು.

ಅವನು ಕೆಲವು ವರ್ಷ ಕಾದ. ಒಮ್ಮೆ ಅತ್ತೆ ಕಾಯಿಲೆ ಬಿದ್ದು ಅದೇ ಆಸ್ಪತ್ರೆಗೆ ಸೇರಿದಳು. ಅವನೇ ಹಗಲೆಲ್ಲ ಮಂಚದ ಪಕ್ಕ ಕೂತು ಗಂಜಿ ಕುಡಿಸಿದ. ಅತ್ತೆ ಚೇತರಿಸಿಕೊಂಡು ಮನೆಗೆ ಬಂದ ವಾರ, ಅವನು ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಹೋಗ್ತಾ ಇದ್ದೀನಿ. ಮೊನ್ನೆ ಡಾಕ್ಟರು 'ಇನ್ನೇನೂ ಭಯ ಇಲ್ಲ' ಅಂದಾಗ, ಒಂದು ಕ್ಷಣ ನನಗೆ ಬೇಜಾರಾಯ್ತು. ಆ ತಾಯಿ ಬದುಕಿದ್ದಕ್ಕೆ ಬೇಜಾರು! ಹೀಗೆ ಕಾಯೋದು ನನ್ನ ಕೈಲಾಗಲ್ಲ."

ಅದೇ ಬೇಜಾರು ಅವಳ ಮನಸ್ಸಿನಲ್ಲೂ ಒಂದು ಕ್ಷಣ ಹಾದುಹೋಗಿತ್ತು. ಅದನ್ನು ಹೇಳುವುದಾದರೂ ಹೇಗೆ?

ಅತ್ತೆ ಗಟ್ಟಿಜೀವ. ಸೊಸೆಯ ಕೂದಲೂ ಬಿಳಿಯಾಗುವವರೆಗೆ ಬದುಕಿದಳು. ಇಬ್ಬರೂ ಜಗಳವಾಡಿದರು, ಒಂದೇ ತಟ್ಟೆಯಲ್ಲಿ ಉಂಡರು; ಅವನ ಮಾತು ಮಾತ್ರ ಎತ್ತಲಿಲ್ಲ. ಕೊನೆಗೊಂದು ಮಧ್ಯಾಹ್ನ ಅತ್ತೆ ಮಲಗಿದವಳು ಏಳಲಿಲ್ಲ. ಅವನು ಹೋದ ಊರಲ್ಲೇ ಮದುವೆಯಾಗಿ ಮಕ್ಕಳೊಂದಿಗನಾದ ಸುದ್ದಿ ಯಾವಾಗಲೋ ಬಂದಿತ್ತು.

ಮರುವರ್ಷ ಕಚೇರಿಯಲ್ಲಿ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ರುಜು ಹಾಕಿಸಿಕೊಂಡು, "ಆಯ್ತಮ್ಮ, ಹೊರಡಿ," ಎಂದಳು.

"ಮರುಮದುವೆ ಆಗಿಲ್ಲ ಅಂತ ಹೇಳ್ಬೇಕಲ್ಲ?"

"ಅದನ್ನ ತೆಗೆದುಹಾಕಿದ್ದಾರೆ. ಈಗ ಮದುವೆ ಆದ್ರೂ ಪಿಂಚಣಿ ನಿಲ್ಲಲ್ಲ," ಎಂದು ಹುಡುಗಿ ನಕ್ಕಳು. "ಒಳ್ಳೇದಾಯ್ತಲ್ವಾ?"

"ಒಳ್ಳೇದಾಯ್ತಮ್ಮ."

ಸರದಿಯಲ್ಲಿ ಹಿಂದಿದ್ದವಳು, ಕಂಕುಳಲ್ಲಿ ಕೂಸು ಹೊತ್ತ ಚಿಕ್ಕ ಪ್ರಾಯದವಳು, ಮೆಲ್ಲಗೆ ಅವಳ ತೋಳು ಮುಟ್ಟಿದಳು. "ಅವರು ಹೇಳಿದ್ದು ನಿಜಾನಾ ಅಮ್ಮ?"

"ನಿಜ ಅಂತೆ. ಇನ್ನೊಂದು ಸಲ ಗಟ್ಟಿಯಾಗಿ ಕೇಳು. ನಾಚ್ಕೋಬೇಡ."

ದಾರಿಯುದ್ದಕ್ಕೂ ಈ ಸುದ್ದಿಯನ್ನು ಯಾರಿಗಾದರೂ ಹೇಳಬೇಕೆನಿಸಿತು. ಅತ್ತೆ ಇದ್ದಿದ್ದರೆ, "ಊಟಕ್ಕಿಲ್ಲದ ಉಪ್ಪಿನಕಾಯಿ!" ಎಂದು ಸರ್ಕಾರದ ಜನ್ಮ ಜಾಲಾಡಿಬಿಡುತ್ತಿದ್ದಳು. ಬೈಯುವುದಕ್ಕಾದರೂ ಮನೆಯಲ್ಲಿ ಇನ್ನೊಬ್ಬರು ಬೇಕು. ಅವಳು ಬೀಗ ತೆಗೆದು ಒಳಗೆ ಹೋಗಿ, ಒಬ್ಬಳಿಗೆ ಆಗುವಷ್ಟು ಅನ್ನಕ್ಕಿಟ್ಟಳು. ಅದು ಬೇಯುವವರೆಗೆ ಒಲೆಯ ಮುಂದೆ ನಿಂತೇ ಇದ್ದಳು.