ರೀಲಿಂಗ್ ಹನುಮಂತಣ್ಣನ ನೀಲಿ ಬಾಟಲಿ

ಸೆಂಟಿನ ಬಾಟಲಿಯ ಮುಚ್ಚಳ ಮೂಸಿ ನೋಡುವವರನ್ನು ಕಂಡರೆ ಹನುಮಂತಣ್ಣನಿಗೆ ಆಗುತ್ತಿರಲಿಲ್ಲ. "ಮುಚ್ಚಳ ಮೂಸಿ ಸೆಂಟು ಕೊಳ್ಳೋದೂ ಒಂದೇ, ಫೋಟೋ ನೋಡಿ ಎತ್ತು ಹಿಡಿಯೋದೂ ಒಂದೇ ಕಣಪ್ಪ" ಎನ್ನುತ್ತಿದ್ದ. ಅವನ ಕ್ರಮವೇ ಬೇರೆ. ಬೆಳಿಗ್ಗೆ ಎಡ ಮುಂಗೈಗೆ ಒಂದು ಸಲ ಹೊಡೆದುಕೊಂಡು ಕೆಲಸಕ್ಕೆ ಹೋಗುವುದು. ಸಂಜೆ ಸ್ನಾನಕ್ಕೆ ಮುಂಚೆ ನೇರ ನನ್ನ ಅಂಗಡಿಗೆ ಬಂದು, ತೋಳು ಮಡಚಿ, ಡಾಕ್ಟರಿಗೆ ನಾಡಿ ತೋರಿಸುವವನಂತೆ ಕೈಯನ್ನು ಗಾಜಿನ ಕೌಂಟರಿನ ಮೇಲೆ ಇಡುವುದು. "ಇಡೀ ದಿನ ದುಡಿದು ಬಂದೈತೆ. ಈಗ ಮೂಸಿ ಹೇಳು, ಹೆಂಗೈತೆ?"

ಹಿಂದೂಪುರದಲ್ಲಿ ನನ್ನದೊಂದು ಫ್ಯಾನ್ಸಿ ಸ್ಟೋರು. ಬಳೆ, ಟೇಪು, ಕ್ಲಿಪ್ಪು, ಜೊತೆಗೆ ಎರಡು ಸಾಲು ಸೆಂಟು. ಹನುಮಂತಣ್ಣನದು ರೇಷ್ಮೆ ರೀಲಿಂಗು, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ರೇಷ್ಮೆ ಸೀರೆ ಉಟ್ಟವರಿಗೆ ಈ ಕೆಲಸದ ವಾಸನೆ ಗೊತ್ತಿರುವುದಿಲ್ಲ. ಗೂಡಿನ ಜೊತೆ ಒಳಗಿನ ಹುಳವೂ ಬೇಯುತ್ತದೆ. ಆ ನಾತ ಕೂದಲಿಗೆ, ಉಗುರಿಗೆ, ಅಂಗಿಯ ಹೊಲಿಗೆಗೆ ಇಳಿಯುತ್ತದೆ. ಮೂರು ಸಲ ಸ್ನಾನ ಮಾಡಿದರೂ, ನಿಂಬೆಹಣ್ಣು ಉಜ್ಜಿದರೂ ಬಿಡುವುದಿಲ್ಲ. "ಇದು ಪರ್ಮನೆಂಟ್ ಪೋಸ್ಟಿಂಗು ಕಣಪ್ಪ, ಟ್ರಾನ್ಸ್‌ಫರ್ ಇಲ್ಲ" ಎಂದು ಅವನೇ ನಗುತ್ತಿದ್ದ.

ಆದರೆ ಸೆಂಟಿನ ಹುಚ್ಚು ಹತ್ತಿದ್ದು ನಗುವಿನಿಂದಲ್ಲ. ಒಬ್ಬಳೇ ಮಗಳು ಭಾಗ್ಯಳನ್ನು ನೋಡಲು ಚಿಲಮತ್ತೂರಿನಿಂದ ಒಂದು ಮನೆಯವರು ಬಂದಿದ್ದರು. ರೀಲಿಂಗ್ ಶೆಡ್ಡು ಮನೆಯ ಹಿಂದೆಯೇ. ಬಂದ ಹೆಂಗಸರು ಕೂತಷ್ಟು ಹೊತ್ತೂ ಮೂಗಿನಿಂದ ಸೆರಗು ತೆಗೆಯಲಿಲ್ಲ, ಕಾಫಿ ಮುಟ್ಟಲಿಲ್ಲ. ಅವರು ಹೋದಮೇಲೆ ಭಾಗ್ಯ ತುಂಬಿದ ಲೋಟಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡು ಹೋದಳಂತೆ. ಅವಳು ಅತ್ತಿದ್ದರೆ ಅವನಿಗೆ ಇಷ್ಟು ತಾಗುತ್ತಿರಲಿಲ್ಲವೇನೋ. ಮಾರನೆಯ ಸಂಜೆ ನನ್ನ ಅಂಗಡಿಗೆ ಬಂದು, "ಈ ನಾತಕ್ಕೆ ಏನಾದ್ರೂ ಐತಾ ಮಂಜಪ್ಪ?" ಎಂದು ಕೇಳಿದ.

ನಾನು ಮೊದಲು ಗಟ್ಟಿಯಾದವನ್ನೇ ಕೊಟ್ಟೆ. ಗಂಧದ ಅತ್ತರು, ಮಲ್ಲಿಗೆಯದು, ಕಸ್ತೂರಿ ಎಂದು ಹೆಸರಿಟ್ಟುಕೊಂಡ ಇನ್ನೊಂದು. ಗಂಧದ್ದನ್ನು ಒಂದೇ ದಿನಕ್ಕೆ ವಾಪಸ್ ತಂದ. "ಹುಳದ ಮೇಲೆ ಗಂಧ ಕೂತ್ರೆ ಹೆಣದ ಮುಂದೆ ಊದುಗಡ್ಡಿ ಹಚ್ಚಿದಂಗೆ ಆಯ್ತದೆ. ನೀನೇ ಮೂಸು." ಮೂಸಿದೆ. ಅವನು ಹೇಳಿದ್ದು ನಿಜವಾಗಿತ್ತು.

ಹೀಗೆ ಹತ್ತಾರು ಬಾಟಲಿ ಕಳೆದ ಮೇಲೆ ಸೇಲ್ಸಿನವನೊಬ್ಬ ನೀಲಿ ಬಾಟಲಿಯ ಸ್ಯಾಂಪಲ್ ಕೊಟ್ಟು ಹೋದ. ಗಂಡಸರಿಗೆಂದೇ ಮಾಡಿದ್ದು, ಸಮುದ್ರದ ನೀರು ಮತ್ತು ಹೂವು ಎರಡೂ ಇದೆ ಎಂದಿದ್ದ. ಹನುಮಂತಣ್ಣ ಅದನ್ನು ತಿರುಗಿಸಿ ನೋಡಿ, "ಗಂಡಸ್ರಿಗೆ ಹೂವಾ? ಸರಿ ಬುಡು. ಸಮುದ್ರ ನಾನಂತೂ ನೋಡಿಲ್ಲ, ನೀನು ನೋಡಿದ್ದೀಯಾ?" ಎಂದ. ನಾನೂ ನೋಡಿರಲಿಲ್ಲ. ಮೂರು ದಿನ ಹಾಕಿಕೊಂಡು ಕೆಲಸ ಮಾಡಿ ನಾಲ್ಕನೆಯ ದಿನ ತೀರ್ಪು ಕೊಟ್ಟ.

"ಹಾಕಿದ ತಕ್ಷಣ ಎಳೇ ಸೌತೇಕಾಯಿ ಹೆಚ್ಚಿದಂಗೆ ಬತ್ತದೆ. ಅದು ನಿಲ್ಲಾಕಿಲ್ಲ, ನಂಬಬ್ಯಾಡ. ಹತ್ತು ಗಂಟೆ ಮೇಲೆ ಹೂವು ಬತ್ತದೆ. ಮುಡಿಯೋ ಹೂವಲ್ಲ, ಕೆರೇಲಿರೋ ತಾವರೆ, ಅದೂ ಏರಿ ಮೇಲೆ ನಿಂತವನಿಗೆ ಬಂದಂಗೆ. ಸಂಜೆಗೆ ಒದ್ದೆ ಕಲ್ಲು, ಅಷ್ಟೇ. ಆದ್ರೆ ಒಂದು ಗುಣ ಐತೆ. ಹುಳದ ಜೊತೆ ಜಗಳಕ್ಕೆ ಬೀಳಲ್ಲ. ಪಕ್ಕದಾಗೆ ಕೂತ್ಕಂತದೆ."

ನಾನು ಅವನ ಮುಂಗೈ ಮೂಸಿದೆ. ಹುಳದ ವಾಸನೆ ಇತ್ತು, ಆದರೆ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದಷ್ಟು. ಸೆಂಟು ಮಾರಿ ನನ್ನ ತಲೆ ನರೆತಿದೆ. ಗಿರಾಕಿಗೆ 'ತುಂಬಾ ಹೊತ್ತು ಇರುತ್ತೆ ಸಾರ್' ಎನ್ನುವುದರಾಚೆಗೆ ನಾನು ಏನಾದರೂ ಕಲಿತಿದ್ದರೆ ಅದು ಅವನಿಂದಲೇ.

ಅಷ್ಟರಲ್ಲಿ ಕಲ್ಯಾಣದುರ್ಗದಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಶಿವನದು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ. ಹುಡುಗಿಯ ಫೋಟೋ ಒಪ್ಪಿಗೆಯಾಗಿತ್ತು. ಅವರು ಇಲ್ಲಿಗೆ ಬರುವ ಮೊದಲು ತಾನೇ ಹೋಗಿ ಮಾತಾಡಿ ಬರುತ್ತೇನೆಂದು ಹನುಮಂತಣ್ಣ ನನ್ನನ್ನೂ ಹೊರಡಿಸಿದ. ಬಸ್ಸಿನಲ್ಲಿ ಮಡಕಶಿರಾ ಬರುವಷ್ಟರಲ್ಲಿ ಎರಡು ಸಲ ಕೈ ಚಾಚಿ "ಐತಾ?" ಎಂದು ಕೇಳಿದ. ಐತೆ ಎಂದೆ. ನಂಬಲಿಲ್ಲ. ಪಾವಗಡದಲ್ಲಿ ಬಸ್ಸು ನಿಂತಾಗ ಚೀಲದಿಂದ ಬಾಟಲಿ ತೆಗೆದು ಎರಡೂ ತೋಳಿಗೆ, ಕತ್ತಿಗೆ ಹೊಡೆದುಕೊಂಡ. ಒಂದೇ ಸಲ ಹಾಕಬೇಕು ಎಂದು ನನಗೆ ಬುದ್ಧಿ ಹೇಳಿದವನು ಅವನೇ. ಭಯ ಯಾರ ಬುದ್ಧಿಯನ್ನೂ ಬಿಡುವುದಿಲ್ಲ.

ಹುಡುಗನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿದ್ದರು. ಹುಡುಗನ ಸೋದರಮಾವ ಹನುಮಂತಣ್ಣನ ಪಕ್ಕ ಕೂತು, ಒಂದೆರಡು ಸಲ ಮೂಗೆಳೆದು, ಬಾಯಿಯ ಹತ್ತಿರಕ್ಕೇ ಬಗ್ಗಿದ. "ಏಮನ್ನಾ, ಪೊದ್ದುನ್ನೇ ಮಂದು ಏಸ್ಕುನ್ನಾವಾ?"

ಬೆಳಿಗ್ಗೆಯೇ ಕುಡಿದು ಬಂದಿದ್ದೀಯಾ ಎಂಬ ಪ್ರಶ್ನೆ. ನಮ್ಮ ಕಡೆ ಐವತ್ತು ದಾಟಿದ ಗಂಡಸು ಇಷ್ಟು ಸೆಂಟು ಹಾಕಿದ್ದಾನೆಂದರೆ ಹೆಂಡದ ವಾಸನೆ ಮುಚ್ಚಲಿಕ್ಕೇ ಎಂದು ಲೆಕ್ಕ. ಹನುಮಂತಣ್ಣ ಎಲೆ ಅಡಿಕೆಯನ್ನೂ ಹಾಕಿದವನಲ್ಲ. ನಾನು ಬಾಯಿ ತೆರೆದೆ. ಅವನು ನನ್ನ ಮೊಣಕಾಲು ಒತ್ತಿ ಸುಮ್ಮನಾಗಿಸಿ, "ಅಮ್ಮಾ, ಒಂಚೂರು ಸೋಪು ಕೊಡಿ" ಎಂದು ಎದ್ದ.

ಅಂಗಳದ ತೊಟ್ಟಿಯ ಹತ್ತಿರ ತೋಳು, ಕತ್ತು ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆದ. ನಾನು ನೀರು ಹಾಕಿದೆ. ಮೈಯಿಂದ ನೀರು ಸುರಿಯುತ್ತಿದ್ದ ಹಾಗೆಯೇ ಬಂದು ಬಾಗಿಲಲ್ಲಿ ನಿಂತ.

"ಈಗ ಮೂಸಿ ನೋಡ್ರಪ್ಪ. ನಾನು ಕುಡಿಯಾಕಿಲ್ಲ. ರೀಲಿಂಗ್ ಮಾಡ್ತೀನಿ. ಇದು ಹುಳದ ವಾಸನೆ, ತೊಳೆದ್ರೆ ಹೋಗಲ್ಲ. ಮುಚ್ಚಿಟ್ಟು ಹೆಣ್ಣು ಕೊಡಾನ ಅಂತ ಬಂದಿದ್ದೆ. ತೆಪ್ಪಾಯ್ತು."

ಹುಡುಗನ ತಾಯಿ ನಿಧಾನಕ್ಕೆ ಕೇಳಿದರು, "ನಿಮ್ಮ ಮಗಳೂ ಹಿಂಗೇ ವಾಸನೆ ಬತ್ತಾಳಾ?"

ಸಂಬಂಧ ಮುರಿಯಿತು ಎಂದುಕೊಂಡೆ. ಹನುಮಂತಣ್ಣ ತಲೆ ಎತ್ತಿ, "ಹುಟ್ಟಿದಾಗಿಂದ ಆ ಮನೇಲೇ ಉಂಡು ಮಲಗಿದವ್ಳು ಕಣಮ್ಮ. ಬಂದ್ರೆ ಬತ್ತದೆ. ಅದು ಆಗ್ದೇ ಇರೋ ಮನೆಗೆ ನನ್ನ ಮಗಳು ಬ್ಯಾಡ" ಎಂದ.

ಮೂಲೆಯಲ್ಲಿ ನಿಂತಿದ್ದ ಶಿವ ಬಂದು ತನ್ನ ಹೆಗಲ ಮೇಲಿನ ಟವೆಲ್ ಕೊಟ್ಟ. ಹನುಮಂತಣ್ಣ ಕತ್ತು, ತೋಳು ಒರೆಸಿಕೊಂಡು ಹಿಂದಕ್ಕೆ ಕೊಟ್ಟ. ಹುಡುಗ ಅದನ್ನು ಮಡಚಿ, ಮೊದಲಿದ್ದ ಹೆಗಲ ಮೇಲೇ ಹಾಕಿಕೊಂಡು ಕೂತ. ಅವನ ತಾಯಿ ಅದನ್ನು ನೋಡಿದರು. "ಕೂತ್ಕಳ್ಳಿ, ಕಾಫಿ ತತ್ತೀನಿ" ಎಂದು ಎದ್ದರು.

ಮದುವೆಯಾಯಿತು. ಆಮೇಲೂ ಹನುಮಂತಣ್ಣ ಮಗಳ ಮನೆಗೆ ಹೋಗುವ ದಿನ ನೀಲಿ ಬಾಟಲಿ ಹಾಕದೆ ಬಸ್ಸು ಹತ್ತುತ್ತಿರಲಿಲ್ಲ. ಇನ್ನೂ ಯಾಕಣ್ಣಾ ಎಂದು ಕೇಳಿದರೆ, "ಅವ್ರು ಒಪ್ಪವ್ರೆ ಅಂತ ನಾವು ಅತಿ ಮಾಡಬಾರ್ದು" ಎನ್ನುತ್ತಿದ್ದ. ಶೆಡ್ಡಿನ ಹಬೆ ಎದೆಗೆ ಇಳಿದು ವರ್ಷವೆಲ್ಲ ಕೆಮ್ಮಿದ. ಹೋದ ಬೇಸಿಗೆಯಲ್ಲಿ ತೀರಿಕೊಂಡ.

ಹನ್ನೊಂದನೆಯ ದಿನ ಮುಗಿದ ಮೇಲೆ ಭಾಗ್ಯ ಅಂಗಡಿಗೆ ಬಂದಳು. ಕಲ್ಯಾಣದುರ್ಗಕ್ಕೆ ಹಿಂದಿರುಗಲು ಬ್ಯಾಗು ಹಿಡಿದೇ ಬಂದಿದ್ದಳು. ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತು ಹೇಳಿದಳು.

"ಅಪ್ಪನ ಬಟ್ಟೆ ಎಲ್ಲಾ ಅವ್ವ ಬಿಸಿನೀರಿಗೆ ಹಾಕಿ ಒಗೆದ್ಬುಟ್ಟವ್ಳೆ ಮಾಮ. ಶೆಡ್ಡನ್ನೂ ಫಿನಾಯ್ಲ್ ಹಾಕಿ ತೊಳೆಸವ್ರೆ. ಒಂದು ಅಂಗೀನಾದ್ರೂ ಉಳಿದೈತಾ ಅಂತ ಎಲ್ಲಾ ಹುಡುಕಿದೆ."

ಅಪ್ಪ ಅವಳಿಗಾಗಿ ಅಷ್ಟು ವರ್ಷ ಮುಚ್ಚಿಟ್ಟದ್ದನ್ನೇ ಅವಳು ಹುಡುಕುತ್ತಿದ್ದಳು. ನನಗೆ ದುಃಖ ಒತ್ತರಿಸಿ ಬಂತು. ತೋಚಿದ್ದು ಒಂದೇ, ನೀಲಿ ಬಾಟಲಿ ತೆಗೆದುಕೊಟ್ಟೆ. ಅವಳು ಅಂಗೈಗೆ ಹೊಡೆದುಕೊಂಡು, ಇಬ್ಬರು ಗಿರಾಕಿಗಳು ಬಂದು ಹೋಗುವವರೆಗೆ ಕಾದು, ಕೈಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ಬಾಟಲಿಯನ್ನು ನನ್ನ ಕಡೆಗೆ ಸರಿಸಿದಳು.

"ಇದು ಮೇಲಿಂದು ಮಾಮ. ಇದರಡೀಲಿತ್ತಲ್ಲ, ಅದಿಲ್ಲ."