ವೈನಿಯ ಹಸಿರು ಪುಡಿ, ಲಿಂಗಸುಗೂರಿನ ಐಸು

ಕಳೆದ ವಾರ ಕೌದಿ ಹೊಲಿಯುವಾಕೆಗೆ ಕೊಡಲೆಂದು ಟ್ರಂಕಿನಿಂದ ಹಳೆಯ ಸೀರೆಗಳನ್ನು ತೆಗೆದೆ. ಒಂದು ಬಿಳಿ ಸೀರೆಯ ಸೆರಗಿನ ತುಂಬ ಸಣ್ಣ ಸಣ್ಣ ತೂತು, ನಡುವೆ ಅಂಗೈಯಗಲದ, ಹಸಿರು ಹೋಗಿ ನೀಲಿಗೆ ತಿರುಗಿದ ಕಲೆ. "ಹುಳ ತಿಂದಾವೇನ್ರೀ ಅಕ್ಕಾರ?" ಎಂದಳಾಕೆ. ಹುಳವಲ್ಲ, ಆ್ಯಸಿಡ್ಡು. ಸೀರೆ ನಮ್ಮ ವೈನಿಯದು...

ಅಣ್ಣನಿಗೆ ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ. ಎಂಬತ್ತರ ದಶಕದ ಕೊನೆಗೆ ಅವನನ್ನು ಮದುವೆಯಾಗಿ ಬಂದ ವೈನಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ಅಷ್ಟಕ್ಕೇ ಸುಮ್ಮನಿದ್ದರೆ ನನ್ನ ತಲೆ ತಂಪಾಗಿರುತ್ತಿತ್ತು. ಅವರಿಗೆ ಡಾಕ್ಟರೇಟ್ ಬೇಕಿತ್ತು, ಅದೂ ಕರೆಂಟು ಹರಿಯುವ ಪ್ಲಾಸ್ಟಿಕ್ಕಿನ ಮೇಲೆ. ಅದರಿಂದ ಹಗುರಾದ ಬ್ಯಾಟರಿ ಮಾಡಬಹುದು ಎನ್ನುತ್ತಿದ್ದರು.

"ಪ್ಲಾಸ್ಟಿಕ್ಕಿನ್ಯಾಗ ಕರೆಂಟ್ ಹರೀತೈತಿ ಅಂದ್ರ ನಂಬ್ತೀಯೇನು?" ಎಂದು ಒಮ್ಮೆ ಕೇಳಿದರು. ಆಗ ಮನೆಯಲ್ಲಿ ದೀಪವಿರಲಿಲ್ಲ, ಫ್ಯಾನು ನಿಂತಿತ್ತು.

"ಮೊದ್ಲ ತಂತ್ಯಾಗ ಹರೀಲಿ ಬಿಡ್ರಿ ವೈನಿ," ಎಂದೆ.

ನಾನು ಅದೇ ಮನೆಯಲ್ಲಿದ್ದು ಬಾಲವಾಡಿಯಲ್ಲಿ ಕಲಿಸುತ್ತಿದ್ದೆ. ವೈನಿ ಕಾಲೇಜಿನಿಂದ ಬಂದರೆಂದರೆ ಅವರಿಗಿಂತ ಮೊದಲು ಅವರ ಸೀರೆಯ ವಾಸನೆ ಒಳಗೆ ಬರುತ್ತಿತ್ತು, ಕೆಟ್ಟ ಮೀನಿನಂಥದು. ಮೀನು ಮೆಟ್ಟಿಲು ಹತ್ತದ ಮನೆ ನಮ್ಮದು. ಹಿಟ್ಟು ನಾದುವ ಬೋಗುಣಿಯನ್ನು ಕಾಲೇಜಿಗೆ ಒಯ್ದರು, ಅದು ತಿರುಗಿ ಬರಲಿಲ್ಲ. ಮುಖ ಉದ್ದ ಮಾಡಿಕೊಂಡು ಅವ್ವ ನನ್ನನ್ನೇ ಬೈಯುತ್ತಿದ್ದಳು. ಸೊಸೆಯನ್ನು ಬೈಯುವ ಧೈರ್ಯ ಅವಳಿಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾಟ ಐಸಿನದು. ಕರೆಂಟು ಹರಿಯುವ ಆ ಪ್ಲಾಸ್ಟಿಕ್ಕು ಒಂದು ಹಸಿರು ಪುಡಿ. ಅದು ತಯಾರಾಗುವಾಗ ಗಾಜಿನ ಪಾತ್ರೆ ಐಸಿನಲ್ಲೇ ಇರಬೇಕು, ಬಿಸಿಯೇರಿದರೆ ಪುಡಿ ಕೆಡುತ್ತದೆ. ಸಿಂಧನೂರಿನ ಬೇಸಿಗೆಯಲ್ಲಿ ನಲ್ಲಿಯ ನೀರೇ ಕೈ ಸುಡುತ್ತಿತ್ತು. ಕಾಲೇಜಿನಲ್ಲಿ ಫ್ರಿಜ್ ಇಲ್ಲ, ಊರಿನ ಐಸ್‌ಕ್ಯಾಂಡಿ ಯಂತ್ರ ಕರೆಂಟಿಲ್ಲದೆ ನಿಲ್ಲುತ್ತಿತ್ತು. ಆಗ ಲಿಂಗಸುಗೂರಿಗೆ ಹೋಗಿ ಐಸ್ ತರುವ ಕೆಲಸ ನನ್ನ ಪಾಲಿಗೆ.

ಹೀಗೆ ಮೂರ್ನಾಲ್ಕು ವರ್ಷ ಒದ್ದಾಡಿ ಪ್ರಬಂಧ ಕಳಿಸಿದರು. ಅದನ್ನು ಓದಿದ ಪರೀಕ್ಷಕರು, ಇಂಥ ಕಾಲೇಜಿನಲ್ಲಿ ಇಷ್ಟು ಒಳ್ಳೆಯ ಪುಡಿ ಆಗಲಿಕ್ಕಿಲ್ಲ, ನನ್ನೆದುರು ಮಾಡಿ ತೋರಿಸಲಿ ಎಂದುಬಿಟ್ಟರು. ಸುಳ್ಳು ಬರೆದಿದ್ದಾರೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಮಾಡಿ ತೋರಿಸದಿದ್ದರೆ ಅಷ್ಟೂ ವರ್ಷ ನೀರಿನಲ್ಲಿ ಹೋದಂತೆ. ಅವರು ಬಂದದ್ದಾದರೂ ಯಾವಾಗ? ಮೇ ತಿಂಗಳಲ್ಲಿ.

ಬೆಳಿಗ್ಗೆಯೇ ಲಿಂಗಸುಗೂರಿಗೆ ಹೋಗಿ, ದೊಡ್ಡ ಗಡ್ಡೆ ಐಸನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲದಲ್ಲಿ ಕಟ್ಟಿ ಬಸ್ಸು ಹತ್ತಿದೆ. "ಅಕ್ಕಾರ, ನೀರು ಸೋರಾಕತ್ತೈತಿ, ಮ್ಯಾಲ ಹಾಕ್ರಿ," ಎಂದ ಕಂಡಕ್ಟರ್. ಮೇಲೆ ಬಿಸಿಲು. ಅವನೊಡನೆ ಜಗಳವಾಡಿ ಕಾಲ ಬುಡದಲ್ಲೇ ಇಟ್ಟುಕೊಂಡೆ. ಮಸ್ಕಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವವರೆಗೆ ಬೇವಿನ ಮರದ ಕೆಳಗೆ ಕಾಯ್ದೆವು. ಬಳಗಾನೂರಿನ ಒಬ್ಬ ಬಾಣಂತಿಯ ಮಡಿಲಲ್ಲಿ ಕೂಸು ಕೆಂಪಗಾಗಿ ಅಳುತ್ತಿತ್ತು. ಅದರ ಅಜ್ಜಿ ಬಂದು, "ಒಂದ್ ಚೂರು ಕೊಡ ಯವ್ವಾ, ನೆತ್ತಿ ಮ್ಯಾಗ ಅರಿವಿ ತೊಯ್ಸಿ ಹಾಕ್ತೀನಿ," ಎಂದಳು. ಒಲ್ಲೆ ಎನ್ನುವುದು ಹೇಗೆ? ಕೊಟ್ಟೆ. ಅದನ್ನು ನೋಡಿ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು... ಕಾಲೇಜು ಮುಟ್ಟುವಾಗ ಉಳಿದದ್ದು ತೆಂಗಿನಕಾಯಿಯಷ್ಟು.

ವೈನಿ ಚೀಲದೊಳಗೆ ಇಣುಕಿದರು. ಪರೀಕ್ಷಕರು ಗಡಿಯಾರ ನೋಡಿಕೊಂಡರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದಿದ್ದವು. "ಇನ್ನೊಂದು ಸಲ ನನ್ನ ಕಳಿಸಬ್ಯಾಡ್ರಿ," ಎಂದೆ.

"ಇರ್ಲಿ ಬಿಡ. ಇಷ್ಟ ಐಸಿಗೆ ಎಷ್ಟು ಆಕ್ಕತಿ ಅಷ್ಟ ಮಾಡೂನು," ಎಂದರು ವೈನಿ.

ದೊಡ್ಡ ಪಾತ್ರೆ ಬಿಟ್ಟು ಚಹಾ ಲೋಟದಷ್ಟು ಚಿಕ್ಕದನ್ನು ತೆಗೆದುಕೊಂಡರು. ಐಸಿಗೆ ಉಪ್ಪು ಬೆರೆಸಿ ಅದರಲ್ಲಿಟ್ಟು, ಮದ್ದನ್ನು ಹನಿಹನಿಯಾಗಿ ಬಿಟ್ಟರು. ಬಣ್ಣವಿಲ್ಲದ ನೀರು ನೀಲಿಯಾಯಿತು, ನೋಡುತ್ತಿದ್ದಂತೆ ಕಡುಹಸಿರಾಯಿತು. ಅಷ್ಟು ವರ್ಷ ಐಸು ಹೊತ್ತಿದ್ದರೂ ಅದು ಹಸಿರಾಗುವುದನ್ನು ನಾನು ನೋಡಿದ್ದು ಅಂದೇ.

ಮರುದಿನ ಪುಡಿ ಒಣಗಿಸಿ, ಬಿಲ್ಲೆ ಒತ್ತಿ, ಪರೀಕ್ಷಕರು ತಾವು ತಂದ ಮೀಟರಿಗೆ ಹಚ್ಚಿದರು. ಮತ್ತೊಮ್ಮೆ ಹಚ್ಚಿದರು. "ಸರಿ ಇದೆಯಮ್ಮಾ," ಎಂದರು.

"ಸರಿ ಇದ್ದದ್ದನ್ನ ಸರಿ ಐತಿ ಅನ್ನಾಕ ಇಷ್ಟು ಐಸ್ ಬೇಕಾತೇನ್ರೀ ಸರ್?" ಎಂದರು ವೈನಿ. ಪರೀಕ್ಷಕರು ತಲೆ ತಗ್ಗಿಸಿ ಸಹಿ ಮಾಡಿದರು.

ಡಾಕ್ಟರೇಟ್ ಬಂತು. ಇನ್ನು ಕಾಟ ಮುಗಿಯಿತೆಂದುಕೊಂಡರೆ, ಅದೇ ಪುಡಿಯಿಂದ ಬ್ಯಾಟರಿ ಮಾಡಲು ಕುಳಿತರು. ಚಾರ್ಜಿಗೆ ಹಾಕಿದಾಗಲೇ ಕರೆಂಟು ಹೋಗುತ್ತಿತ್ತು, ಮತ್ತೆ ಮೊದಲಿನಿಂದ. "ನಿನ್ನ ಅಡಗಿಮನಿ ರೇಡಿಯೊ ಇದರ ಮ್ಯಾಲ ನಡಸ್ತೀನಿ, ನೋಡ್ಕೋಂತಿರು," ಎನ್ನುತ್ತಿದ್ದರು. ತೊಂಬತ್ತರ ದಶಕ ಮುಗಿಯುವ ಮೊದಲೇ ಒಂದು ಮಳೆಗಾಲದ ಜ್ವರ ಮಿದುಳಿಗೆ ಏರಿತು. ರಾಯಚೂರಿಗೆ ಒಯ್ದರೂ ಉಳಿಯಲಿಲ್ಲ...

ಈಗ ಕರೆಂಟು ಹೋದರೆ ಇನ್ವರ್ಟರ್ ತಾನೇ ಹತ್ತಿಕೊಳ್ಳುತ್ತದೆ. ಫ್ಯಾನಿನ ಕೆಳಗೆ ಕುಳಿತ ಅಣ್ಣ ಅದರ ಕಡೆ ನೋಡುವುದಿಲ್ಲ. ನನಗೆ ಮಾತ್ರ ಸಿಟ್ಟು ಬರುತ್ತದೆ. ಹತ್ತು ವರ್ಷ ಒಂದು ಗಳಿಗೆ ಕೂರಲು ಬಿಡದೆ ಓಡಾಡಿಸಿದ ವೈನಿ, ಕೆಲಸ ಅರ್ಧಕ್ಕೆ ಬಿಟ್ಟು, ನನಗೊಂದು ಮಾತೂ ಹೇಳದೆ ಹೋಗಿಬಿಟ್ಟರಲ್ಲ ಎಂದು.